ಮೂವರು ಹುಡುಗಿಯರಿಗೆ ಐದನೇ ಬಣ್ಣ

ಒಂದು ಕಣ್ಣಿನ ಪೊರೆಯ ಆಪರೇಷನ್ ಮುಗಿಸಿಕೊಂಡು ಪ್ರೆಸ್ಸಿಗೆ ಹೋದ ಮೊದಲ ದಿನವೇ ನನ್ನ ತಲೆ ಕೆಟ್ಟಿತು. ಶಿವಾಜಿನಗರದ ಗಲ್ಲಿಯಲ್ಲಿ ಎರಡು ಬಣ್ಣದ ಒಂದು ಹಳೇ ಆಫ್‌ಸೆಟ್ ಮೆಷಿನ್ ಇಟ್ಟುಕೊಂಡು ನಾನು ಪ್ರೆಸ್ ನಡೆಸುತ್ತೇನೆ. ನಾನು ಮನೆಯಲ್ಲಿ ಕಣ್ಣಿಗೆ ಹನಿ ಬಿಟ್ಟುಕೊಂಡು ಕೂತಿದ್ದಾಗ ನಮ್ಮ ಮೆಷಿನ್ ಓಡಿಸುವ ಭಾಯಿ ಒಂದು ದೊಡ್ಡ ಕೆಲಸ ಮುಗಿಸಿಟ್ಟಿದ್ದ. ಅಚ್ಚಾದ ಹಾಳೆಗಳು ಬಾಗಿಲ ಪಕ್ಕ ಎದೆಯೆತ್ತರ ನಿಂತಿದ್ದವು. ಮಡಚಿ ಹೊಲಿದರೆ ಪುಸ್ತಕ. ಮೇಲಿನ ಒಂದು ಹಾಳೆ ಎತ್ತಿ ಬೆಳಕಿಗೆ ಹಿಡಿದೆ. ಮೂವರು ಹುಡುಗಿಯರೂ ಬೆಳ್ಳಗಿದ್ದರು.

ಈ ಮೂವರು ಚಿತ್ರಕಥೆಯ ಹುಡುಗಿಯರು. ‘ತಾರಾಮಂಡಲದ ತರಲೆಗಳು’ ಅಂತ ಹಿಂದೆ ತಿಂಗಳು ತಿಂಗಳು ಒಂದು ಕಾಮಿಕ್ ಬರುತ್ತಿತ್ತು. ಹಲಸೂರಿನ ಮೂವರು ಹುಡುಗಿಯರು ಕೆಟ್ಟು ನಿಂತ ನೀರಿನ ಟ್ಯಾಂಕರಿಗೆ ರೆಕ್ಕೆ ಕಟ್ಟಿ ಆಕಾಶಕ್ಕೆ ಹಾರುತ್ತಾರೆ. ಒಬ್ಬಳು ಓಡಿಸುತ್ತಾಳೆ, ಒಬ್ಬಳು ಸ್ಪ್ಯಾನರ್ ಹಿಡಿದು ರಿಪೇರಿ ಮಾಡುತ್ತಾಳೆ, ಇನ್ನೊಬ್ಬಳು ಯಾವ ಗ್ರಹಕ್ಕೆ ಹೋದರೂ ಅಲ್ಲಿಯ ರಾಜನ ಹತ್ತಿರ ಜಗಳ ತೆಗೆಯುತ್ತಾಳೆ. ಶನಿಗ್ರಹದ ಬಳೆಯ ಮೇಲೆ ಬಟ್ಟೆ ಒಣಗಿಹಾಕುತ್ತಾರೆ. ಅವರನ್ನು ಕಾಪಾಡಲು ಯಾವ ಗಂಡಸೂ ಬರುವುದಿಲ್ಲ. ಅವರೇ ಇನ್ಯಾರನ್ನೋ ಕಾಪಾಡಿ ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಇಳಿದುಬಿಡುತ್ತಾರೆ.

ಅದು ಅಚ್ಚಾಗುತ್ತಿದ್ದ ದೊಡ್ಡ ಪ್ರೆಸ್ಸಿನಲ್ಲಿ, ಒಂದೊಂದು ಬಣ್ಣಕ್ಕೆ ಒಂದೊಂದು ಫಿಲಂ ಮಾಡುವ ಫಿಲಂ ರೂಮಿನಲ್ಲಿ ನಾನು ಕೆಲಸಕ್ಕಿದ್ದೆ. ಚಿತ್ರ ಬರೆಯುವ ಹೆಂಗಸು ಕಪ್ಪು ಗೆರೆ ಮಾತ್ರ ಕಳಿಸುತ್ತಿದ್ದರು. ಆಕಾಶಕ್ಕೆ ಎಷ್ಟು ನೀಲಿ, ಲಂಗಕ್ಕೆ ಎಷ್ಟು ಕೆಂಪು ಎಂದು ಗುರುತು ಹಾಕಿ ತಿಳಿಸುತ್ತಿದ್ದರು. ಮೈಬಣ್ಣ ಮಾತ್ರ ಹೇಳಿರಲಿಲ್ಲ. ಅದನ್ನು ನಾನು ಕೂಡಿಸಿದೆ. ಹಳದಿ ಚುಕ್ಕೆ, ಅದರ ಮೇಲೆ ಕೆಂಪು ಚುಕ್ಕೆ, ಮೇಲೆ ಸ್ವಲ್ಪ ನೀಲಿ. ಹಲಸೂರಿನ ನಲ್ಲಿಯ ಹತ್ತಿರ ನಿಂತ ಹುಡುಗಿಯರು ಯಾವ ಬಣ್ಣ ಇರುತ್ತಾರೋ ಆ ಬಣ್ಣ ಬಂತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅಕ್ಷರಕ್ಕಿಂತ ಚುಕ್ಕೆ ಬೇಗ ಹತ್ತಿತು.

ಅವತ್ತಿನ ಸೂಪರ್‌ವೈಸರ್ ಹಾಳೆ ನೋಡಿ ಮುಖ ಸಿಂಡರಿಸಿದ್ದ. "ಹೀರೋಯಿನ್‌ಗಳು ಇಷ್ಟು ಕಪ್ಪಾ?"

"ಚಂದ್ರಲೋಕಕ್ಕೆ ಹೊರಟಿರೋರು ಸಾರ್, ಹೆಣ್ಣು ನೋಡೋ ಶಾಸ್ತ್ರಕ್ಕಲ್ಲ" ಅಂದಿದ್ದೆ. ಅವನಿಗೆ ಬೇರೆ ಕೆಲಸವಿತ್ತು, ಹೋದ. ಆ ಬಣ್ಣ ಉಳಿಯಿತು. ಕಾಮಿಕ್ ನಿಲ್ಲುವವರೆಗೂ ಅವರು ಅದೇ ಬಣ್ಣ.

ಈಗ ಒಬ್ಬ ಪ್ರಕಾಶಕ ಅದೆಲ್ಲ ಸೇರಿಸಿ ಸಂಪುಟ ಸಂಪುಟವಾಗಿ ದಪ್ಪ ಪುಸ್ತಕ ಮಾಡಲು ಹೊರಟಿದ್ದ. ಇದು ಮೊದಲನೆಯದು. ಇಂದಿರಾನಗರದಲ್ಲಿ ಅವನ ಆಫೀಸು. ನಾನು ಹಿಂದೆ ಆ ಕೆಲಸ ಮಾಡಿದವಳು ಎಂದು ಯಾರೋ ಹೇಳಿದ್ದರಂತೆ, ಹುಡುಕಿಕೊಂಡು ಬಂದ. ಹಳೇ ಕಾಮಿಕ್ಕು, ಹಳೇ ಮೆಷಿನ್ನು, ವಿಡಿಯೋ ಚೆನ್ನಾಗಿರುತ್ತದೆ ಎಂದ. ಶಾಯಿ ಮೆತ್ತಿದ ನನ್ನ ಕೈಯನ್ನೇ ಮತ್ತೆ ಮತ್ತೆ ವಿಡಿಯೋ ತೆಗೆದ. "ಮುಖ ಬೇಡ ಅಮ್ಮಾ, ಕೈ ಸಾಕು" ಅಂದ. ಅವತ್ತೇ ಮೈ ಉರಿದಿತ್ತು. ಕೆಲಸ ಬೇಕಾಗಿತ್ತು, ಸುಮ್ಮನಿದ್ದೆ.

ಈಗ ಹಾಳೆ ಹಿಡಿದು ಭಾಯಿಯನ್ನು ಕೂಗಿದೆ.

"ಏನಿದು, ಕೆಂಪು ಶಾಯಿ ಹಾಕಿಲ್ವಾ ನೀನು?"

"ಅಮ್ಮಾ, ನಿಮ್ಮ ಹೊಸ ಕಣ್ಣು ಪವರ್ ಜಾಸ್ತಿ ಇರ್ಬೇಕು. ನಮ್ಮ ಅಬ್ಬಾಗೂ ಹಾಗೇ. ಆಪರೇಷನ್ ಆದ್ಮೇಲೆ ಗೋಡೆ ನೋಡಿ, ಯಾವಾಗ ಸುಣ್ಣ ಹೊಡ್ಸಿದ್ರಿ ಅಂತಿದ್ರು."

ಇರಬಹುದು ಅನಿಸಿತು. ಆಪರೇಷನ್ ಆದ ಕಣ್ಣಿಗೆ ಎಲ್ಲವೂ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಆ ಕಣ್ಣು ಮುಚ್ಚಿ ಹಳೇ ಕಣ್ಣಲ್ಲಿ ನೋಡಿದೆ. ಕೋಣೆಯೆಲ್ಲ ಟೀ ಬಣ್ಣ, ಹುಡುಗಿಯರು ಆಗಲೂ ಬಿಳುಪು. ಹಾಳೆಯ ಅಂಚಿನಲ್ಲಿ ಬಣ್ಣ ಅಳೆಯಲು ಬಿಡುವ ಚೌಕಗಳನ್ನು ನೋಡಿದೆ. ಕೆಂಪು ಸರಿ, ಹಳದಿ ಸರಿ, ನೀಲಿ ಸರಿ. ಭಾಯಿ ತಪ್ಪು ಮಾಡಿರಲಿಲ್ಲ. ಭೂತಗನ್ನಡಿ ಇಟ್ಟು ಮುಖ ನೋಡಿದೆ. ಅಲ್ಲೊಂದು ಇಲ್ಲೊಂದು ಹಳದಿ ಚುಕ್ಕೆ. ಕೆಂಪು ಇಲ್ಲ. ನೀಲಿ ಇಲ್ಲವೇ ಇಲ್ಲ. ಅಚ್ಚೊತ್ತುವ ಪ್ಲೇಟಿಗೇ ಅವು ಬಂದಿರಲಿಲ್ಲ.

"ಪ್ರೂಫ್ ನೋಡ್ಲಿಲ್ವಾ?"

"ಪ್ರೂಫ್ ಎಲ್ಲಿ ಕೊಟ್ರು? ಫೋನಲ್ಲಿ ಕಳ್ಸಿದ್ರು. ಫೋನಲ್ಲಿ ಎಲ್ಲಾರೂ ಬೆಳ್ಳಗೇ ಇರ್ತಾರೆ. ಫೈಲ್ ಅವ್ರ್ದು, ಪ್ಲೇಟ್ ಅವ್ರ್ದು. ನಮ್ದೇನು ಅಮ್ಮಾ?"

ಒಂದು ಹಾಳೆ ಸುತ್ತಿಕೊಂಡೆ. ನನ್ನ ಹತ್ತಿರ ಉಳಿದಿದ್ದ ಒಂದು ಹಳೇ ಸಂಚಿಕೆ ಚೀಲಕ್ಕೆ ಹಾಕಿಕೊಂಡೆ. ಆಟೋ ಹತ್ತಿ ಇಂದಿರಾನಗರಕ್ಕೆ ಹೋದೆ.

ಪ್ರಕಾಶಕನಿಗೆ ನಲವತ್ತರ ಆಸುಪಾಸು. ಒಳ್ಳೆಯ ಮಾತಿನವನು.

"ಬನ್ನಿ ಅಮ್ಮಾ, ಕಣ್ಣು ಹೇಗಿದೆ? ಕಾಫಿ?"

"ಕಾಫಿ ಬೇಡ. ಹುಡುಗೀರ ಮುಖಕ್ಕೆ ಏನ್ ಮಾಡ್ದೆ?"

ಹಾಳೆ ಬಿಚ್ಚಿ ಮೇಜಿನ ಮೇಲೆ ಹರಡಿದೆ. ಅವನ ಮುಖ ಅರಳಿತು. "ಸೂಪರಾಗಿ ಬಂದಿದೆಯಲ್ಲಮ್ಮಾ!"

ಪಕ್ಕದಲ್ಲಿ ಹಳೇ ಸಂಚಿಕೆ ಇಟ್ಟೆ. ಆಗ ಅರ್ಥ ಆಯಿತು ಅವನಿಗೆ.

"ಓ ಅದಾ. ಹಳೇ ಕಾಪಿ ಸ್ಕ್ಯಾನ್ ಮಾಡಿದ್ವಿ. ಪೇಪರ್ ಪೂರ್ತಿ ಕಂದು ತಿರುಗಿತ್ತು. ಸಾಫ್ಟ್‌ವೇರಲ್ಲಿ ಆ ಕಲೆ ತೆಗೆಸಿದ್ವಿ. ಡಿಸೈನರ್ ತುಂಬಾ ನೀಟಾಗಿ ಮಾಡಿದಾನೆ."

"ಕಲೆ ತೆಗ್ದಿಲ್ಲ ಕಣಪ್ಪ. ಚರ್ಮ ತೆಗ್ದಿದಾನೆ."

"ಇಲ್ಲಮ್ಮಾ, ಪೇಪರ್ ಹಳೇದಾಗಿ ಮುಖ ಕಪ್ಪಾಗಿ ಕಾಣ್ತಿತ್ತು ಅಷ್ಟೆ. ನಾನು ಚಿಕ್ಕೋನಿದ್ದಾಗ ಬೆಡ್‌ಶೀಟ್ ಒಳಗೆ ಟಾರ್ಚ್ ಹಿಡ್ಕೊಂಡು ಓದಿದೀನಿ ಇದನ್ನ. ನನ್ ನೆನಪಲ್ಲಿ ಇವ್ರು ಹೀಗೇ ಇದ್ರು."

ನೆನಪಂತೆ. ಭೂತಗನ್ನಡಿ ಅವನ ಕೈಗೆ ಕೊಟ್ಟು ಹಳೇ ಪುಟದ ಮೇಲೆ ಬಗ್ಗಿಸಿದೆ. "ಕೆನ್ನೆ ನೋಡು. ಏನಿದೆ?"

"ಚುಕ್ಕೆಗಳು."

"ಯಾವ್ಯಾವ ಬಣ್ಣ?"

"ಕೆಂಪು... ಹಳದಿ... ನೀಲಿನೂ ಇದೆ."

"ಈಗ ಅವಳ ಹಲ್ಲು ನೋಡು. ಅದೇ ಪೇಪರ್ ಅಲ್ವಾ? ಅಲ್ಲಿ ಚುಕ್ಕೆ ಇದೆಯಾ? ಪೇಪರ್ ಹಳೇದಾದ್ರೆ ಹಳದಿ ಆಗತ್ತೆ. ಚುಕ್ಕೆ ಹುಟ್ಟಲ್ಲ. ಆ ಚುಕ್ಕೆ ಹಾಕಿದ್ದು ನಾನು."

ಅವನು ತಲೆ ಎತ್ತಿದ. ನಂಬಿದ್ದ. ಇಲ್ಲಿಗೆ ಮುಗಿಯಿತು ಅಂದುಕೊಂಡೆ.

"ಸರಿ ಅಮ್ಮಾ, ಒಪ್ಕೋತೀನಿ. ಆದ್ರೆ ಈಗ ಕವರ್ ಆನ್‌ಲೈನಲ್ಲಿ ಹಾಕಿ ಆಗೋಯ್ತು. ಜನ ಇಷ್ಟಪಟ್ಟಿದಾರೆ. ಫ್ರೆಶ್ ಆಗಿದೆ ಅಂತಿದಾರೆ. ಒಬ್ರೂ ಕಂಪ್ಲೇಂಟ್ ಮಾಡಿಲ್ಲ."

"ಸೂರ್ಯನ ಪಕ್ಕದಲ್ಲೇ ಟ್ಯಾಂಕರ್ ಓಡಿಸ್ತಾರೆ ಇವ್ರು. ಬಿಸಿಲಿಗೆ ಹೋಗಿ ಬೆಳ್ಳಗಾಗಿ ಬಂದವ್ರು ನಿಮ್ಮನೇಲಿ ಯಾರಾದ್ರೂ ಇದಾರಾ?"

ಜೋರಾಗಿ ನಕ್ಕುಬಿಟ್ಟ. ಅವನು ಕೆಟ್ಟವನಾಗಿದ್ದರೆ ಬೈದು ಬರುತ್ತಿದ್ದೆ. ನಗುವವನನ್ನು ಏನು ಮಾಡುವುದು?

"ನಾನು ಈ ಹಾಳೆ ಮಡಚಲ್ಲ, ಹೊಲಿಯಲ್ಲ" ಅಂದೆ.

"ಬೇಜಾರ್ ಮಾಡ್ಕೋಬೇಡಿ. ಬೈಂಡಿಂಗ್ ಬೇರೆ ಕಡೆ ಮಾಡಿಸ್ತೀನಿ ಬಿಡಿ" ಅಂದ, ಒಳ್ಳೆಯ ಮನಸ್ಸಿನಿಂದಲೇ.

ಮೆಟ್ಟಿಲು ಇಳಿಯುವಾಗ ತಿಳಿಯಿತು. ನಾನು ಬಿಟ್ಟರೆ ನನ್ನ ಕೈ ಶುದ್ಧ, ಅಷ್ಟೇ. ಹುಡುಗಿಯರು ಬೆಳ್ಳಗೇ ಹೋಗುತ್ತಾರೆ.

ಮನೆಗೆ ಹೋಗಲಿಲ್ಲ. ಕಾಕ್ಸ್ ಟೌನಿಗೆ, ಚಿತ್ರದಮ್ಮನ ಹತ್ತಿರ ಹೋದೆ. ಆ ಕಾಮಿಕ್ಕಿನ ಚಿತ್ರ ಬರೆದವರು ಅವರು. ನನಗಿಂತ ದೊಡ್ಡವರು. ಹಳೇ ಮನೆ ಕೆಡವಿ ಕಟ್ಟಿದ ಫ್ಲಾಟಿನಲ್ಲಿ ಇದ್ದಾರೆ. ಮಂಡಿ ಹೋಗಿದೆ, ನಾಲಿಗೆ ಹೋಗಿಲ್ಲ. ಅಷ್ಟು ಸಂಚಿಕೆ ಒಟ್ಟಿಗೆ ಕೆಲಸ ಮಾಡಿದ್ದರೂ ನಾವು ಮುಖ ನೋಡಿದ್ದು ಪ್ರಕಾಶಕ ವಿಡಿಯೋಗೆಂದು ಅವರನ್ನೂ ಕರೆಸಿದ ದಿನವೇ. ಹಕ್ಕುಗಳನ್ನು ಅವರು ಎಂದೋ ಬರೆದುಕೊಟ್ಟಿದ್ದರು. ಈ ಪುಸ್ತಕದಲ್ಲಿ ಅವರ ಮಾತಿಗೆ ಬೆಲೆ ಇರಲಿಲ್ಲ.

ಹಾಳೆಯನ್ನು ಬಹಳ ಹೊತ್ತು ನೋಡಿದರು. "ಯಾರಿವ್ರು?" ಅಂದರು.

"ನಿಮ್ಮ ಹುಡುಗೀರು."

"ನನ್ನವರಲ್ಲ. ಇವ್ರು ಸೋಪಿನ ಜಾಹೀರಾತಿಗೆ ಬಂದವ್ರು." ಕನ್ನಡಕ ತೆಗೆದಿಟ್ಟರು. "ಮೊದಲ ಸಂಚಿಕೆ ಬಂದಾಗ ನಾನು ಅಂದ್ಕೊಂಡಿದ್ದೆ, ಫಿಲಂ ರೂಮಲ್ಲಿ ಯಾವನೋ ಒಬ್ಬನಿಗೆ ಬುದ್ಧಿ ಇದೆ ಅಂತ. ಮೈಬಣ್ಣ ಬರೀಬೇಕು ಅಂತ ನನಗೇ ಹೊಳೆದಿರ್ಲಿಲ್ಲ."

"ಯಾವನೋ ಅಲ್ಲ. ನಾನೇ."

"ಗೊತ್ತಾಯ್ತು ಬಿಡಿ. ಈಗ ಇದಕ್ಕೇನ್ ಮಾಡೋದು ಹೇಳಿ. ಹಳೇ ಸಂಚಿಕೆಗಳು ಮುಟ್ಟಿದ್ರೆ ಪುಡಿ ಆಗ್ತಿವೆ. ಅವು ಹೋದ್ಮೇಲೆ ಈ ಪುಸ್ತಕಾನೇ ನಿಜ ಆಗತ್ತೆ. ಹುಡುಗೀರು ಬೆಳ್ಳಗೇ ಇದ್ರು ಅಂತಾರೆ ಜನ."

ಒಂದೇ ದಾರಿ ಇತ್ತು. ಹಳದಿ, ಕೆಂಪು, ನೀಲಿ, ಕಪ್ಪು ನಾಲ್ಕೂ ಬಣ್ಣ ಬಿದ್ದು ಮುಗಿದ ಹಾಳೆಯನ್ನು ಮತ್ತೊಂದು ಸಲ ಮೆಷಿನ್ನಿಗೆ ಕೊಡಬೇಕು. ಮೈಬಣ್ಣದ್ದೇ ಐದನೇ ಪ್ಲೇಟು ಮಾಡಿ, ಕಂದು ಶಾಯಿ ಹಾಕಿ, ಮುಖ, ಕೈ, ಕಾಲು ಇದ್ದ ಕಡೆ ಮಾತ್ರ ಒತ್ತಬೇಕು. ಕಂಪ್ಯೂಟರಿನಲ್ಲಿ ಮಾಡಿಸಲು ಫೈಲ್ ನಮ್ಮ ಹತ್ತಿರ ಇಲ್ಲ. ಆದರೆ ಮದುವೆ ಕಾರ್ಡಿನ ಪ್ಲೇಟಿಗೆಂದು ಫಿಲಂ ಮೂಲಕ ಬೆಳಕು ಬಿಟ್ಟು ಪ್ಲೇಟು ಸುಡುವ ಹಳೇ ಪೆಟ್ಟಿಗೆ ನಾನು ಇನ್ನೂ ಇಟ್ಟುಕೊಂಡಿದ್ದೆ. ಪಾರದರ್ಶಕ ಫಿಲಮ್ಮನ್ನು ಅಚ್ಚಾದ ಹಾಳೆಯ ಮೇಲೆ ಹಾಸಿ, ಮೈ ಕಂಡ ಕಡೆಯೆಲ್ಲ ಕಪ್ಪು ತುಂಬಿದರೆ ಸಾಕು. ಆ ಕಪ್ಪು ಪ್ಲೇಟಿಗೆ ಇಳಿಯುತ್ತದೆ.

"ಕುಂಚ ಹಿಡೀತೀರಾ?"

"ಮಂಡಿಯಲ್ಲಿ ಬರೀತೀನಾ ನಾನು?" ಅಂದರು.

ಅವರ ಊಟದ ಮೇಜಿನ ಮೇಲೆ ಕೆಲಸ ಶುರುವಾಯಿತು. ಅವರು ತುಂಬುತ್ತಾರೆ, ನಾನು ಭೂತಗನ್ನಡಿಯಲ್ಲಿ ತೂತು ಹುಡುಕುತ್ತೇನೆ. ಮುಖ ಸುಲಭ. ಬೆರಳುಗಳು ಪ್ರಾಣ ತೆಗೆದವು. "ಇಷ್ಟು ಕೈ ಬೀಸೋ ಅಗತ್ಯ ಏನಿತ್ತು ಇವ್ರಿಗೆ!" ಎಂದು ಚಿತ್ರದಮ್ಮ ತಮ್ಮ ಹುಡುಗಿಯರನ್ನೇ ಬೈಯುತ್ತಿದ್ದರು. ಬೈಯುವುದರಲ್ಲಿ ಇಬ್ಬರಿಗೂ ಜೊತೆ ಸಿಕ್ಕಿತ್ತು. ಪ್ರಕಾಶಕನಿಗೆ ನಾನು ಒಂದೇ ಮಾತು ಹೇಳಿದ್ದೆ: ಮಡಚಿ ಹೊಲಿದು ನಾನೇ ಕೊಡ್ತೀನಿ, ಹಾಳೆ ಒಣಗಬೇಕು, ಆಮೇಲೆ ಬಾ.

ಮೊದಲ ಹಾಳೆಯ ಫಿಲಂ ಆದ ಕೂಡಲೇ ಪ್ಲೇಟು ಸುಟ್ಟು ಮೆಷಿನ್ನಿಗೆ ಹಾಕಿಸಿದೆ. ಅಚ್ಚಾಗಿ ಬಂದ ಹಾಳೆ ನೋಡಿ ಭಾಯಿ ಮೆಷಿನ್ ನಿಲ್ಲಿಸಿದ. ನಾನೇ ಕೇಳಿದೆ.

"ಹೇಳೋ."

"ಅಮ್ಮಾ, ಕೆಸರಲ್ಲಿ ಬಿದ್ದು ಎದ್ದು ಬಂದಂಗೆ ಇದಾರೆ."

ನಿಜ. ಎರಡು ತಪ್ಪಾಗಿತ್ತು. ಮಳೆಗಾಲ. ಹಾಳೆಗಳನ್ನು ಬಾಗಿಲ ಪಕ್ಕ ಬಿಚ್ಚಿಟ್ಟಿದ್ದರಿಂದ ತೇವ ಹೀರಿ ಕೂದಲೆಳೆಯಷ್ಟು ಹಿಗ್ಗಿದ್ದವು. ಫಿಲಂ ಬರೆದದ್ದು ಫ್ಲಾಟಿನಲ್ಲಿ ಇಟ್ಟಿದ್ದ ಒಣ ಹಾಳೆಯ ಮೇಲೆ. ಹಾಗಾಗಿ ಕಂದು ಬಣ್ಣ ಗೆರೆ ದಾಟಿ ಕೆನ್ನೆಯಿಂದ ಆಚೆ ಆಕಾಶಕ್ಕೆ ಹೋಗಿತ್ತು, ತುಟಿ ದಾಟಿ ಹಲ್ಲಿಗೆ ಹೋಗಿತ್ತು. ಎರಡನೆಯದು, ಶಾಯಿ ದಪ್ಪ. ಕೆಳಗಿನ ಗೆರೆಗಳನ್ನೇ ನುಂಗಿತ್ತು. ಮೂಗು ಮಾಯ.

ಅವತ್ತು ನಾನು ಯಾರ ಮೇಲೆ ಕೂಗಾಡಿದೆನೋ ನೆನಪಿಲ್ಲ. ಎಲ್ಲರ ಮೇಲೂ ಇರಬೇಕು. ಭಾಯಿ ಹೊರಗೆ ಹೋಗಿ ಟೀ ಕುಡಿದು ಬಂದ. ನನಗೂ ತಂದಿದ್ದ.

ಹಾಳೆಗಳನ್ನೆಲ್ಲ ಬಾಗಿಲಿನಿಂದ ಒಳಗೆ ಸಾಗಿಸಿ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದೆವು. ಚಿತ್ರದಮ್ಮನಿಗೆ ಅದೇ ರಾಶಿಯಿಂದ ತೆಗೆದು ಸುತ್ತಿದ ಹಾಳೆ ಕೊಟ್ಟೆ. ಈ ಸಲ ಕಪ್ಪನ್ನು ಗೆರೆಯವರೆಗೆ ತರಬೇಡಿ, ದಾರದಷ್ಟು ಒಳಗೇ ನಿಲ್ಲಿಸಿ ಅಂದೆ. ಸ್ವಲ್ಪ ಆಚೀಚೆ ಸರಿದರೂ ಗೆರೆಯ ಒಳಗೇ ಉಳಿಯುತ್ತದೆ. ಮಾಡಿದ್ದನ್ನೆಲ್ಲ ಅಳಿಸಿ ಮತ್ತೆ ತುಂಬಬೇಕು ಎಂದಾಗ ಅವರು ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವುದಿಲ್ಲ. ಆದರೆ ತುಂಬಿದರು. ಶಾಯಿಗೆ ನಾನು ಬಣ್ಣ ತೆಳುವಾಗಿಸುವ ಮೀಡಿಯಂ ಬೆರೆಸುತ್ತಾ ಹೋದೆ. ಬೆರಳಲ್ಲಿ ಕಾಗದದ ಮೇಲೆ ಬಡಿದು ನೋಡುವುದು, ಹಳೇ ಸಂಚಿಕೆಯ ಪಕ್ಕ ಹಿಡಿಯುವುದು. ಹೊಸ ಕಣ್ಣಿಗೂ ಹಳೇ ಕಣ್ಣಿಗೂ ಜಗಳ. ಭಾಯಿಯ ಕಣ್ಣನ್ನು ನಂಬಿದೆ.

"ಈಗ?"

"ಇನ್ನೂ ಬಿಸ್ಕತ್ತು."

"ಈಗ?"

"ಈಗ ನಮ್ಮ ಚಿಕ್ಕ ಮಗಳು."

ಹಾಗೆ ಬಂತು ಬಣ್ಣ. ಮೂಗು ಬಂತು, ಹಲ್ಲು ಬೆಳ್ಳಗೆ ಉಳಿಯಿತು. ಸ್ಪ್ಯಾನರ್ ಹಿಡಿದವಳ ಮೊಣಕೈ ಮೇಲಿನ ಗಾಯದ ಪಟ್ಟಿ ಮತ್ತೆ ಬಿಳಿಯಾಗಿ ಎದ್ದು ಕಂಡಿತು. ಮೈ ಬೆಳ್ಳಗಿದ್ದಾಗ ಆ ಪಟ್ಟಿ ಇದೆಯೆಂದೇ ಗೊತ್ತಾಗುತ್ತಿರಲಿಲ್ಲ.

ಎಲ್ಲ ಪ್ಲೇಟುಗಳೂ ಸಿದ್ಧವಾದ ಮೇಲೆ ಎರಡು ಹಾಳೆ ತೆಗೆದುಕೊಂಡು ಇಂದಿರಾನಗರಕ್ಕೆ ಹೋದೆ. ಒಂದು ಬಿಳಿ, ಒಂದು ಕಂದು. ಪಕ್ಕಪಕ್ಕ ಇಟ್ಟೆ. ಪ್ರಕಾಶಕ ಎದ್ದು ನಿಂತು ನೋಡಿದ.

"ವಾವ್. ಇದು ಬೇರೆ ಲೆವೆಲ್ ಅಮ್ಮಾ. ಪ್ರಾಮಿಸ್, ನನಗೆ ಅಳು ಬರ್ತಿದೆ."

"ಅಳೋದು ಬೇಡ. ಎಲ್ಲಾನೂ ಹೀಗೆ ಮಾಡ್ತೀನಿ."

ಅವನು ಕೂತ. ಯೋಚಿಸಿದ. ಅವನು ಯೋಚಿಸುವುದನ್ನು ನೋಡಿದರೇ ನನಗೆ ಭಯ.

"ಒಂದ್ ಐಡಿಯಾ. ಅರ್ಧ ಹೀಗೆ ಮಾಡೋಣ. ಕಲೆಕ್ಟರ್ಸ್ ಎಡಿಷನ್ ಅಂತ, ಒರಿಜಿನಲ್ ಟೋನ್. ಉಳಿದಿದ್ದು ಹಾಗೇ ಇರ್ಲಿ, ನಾರ್ಮಲ್. ಮಕ್ಕಳಿಗೆ ಅದು ಸಾಕು. ಕಸ್ಟಮರ್‌ಗೆ ಚಾಯ್ಸ್ ಇರತ್ತೆ."

ತಪ್ಪು ಮಾಡಿದಾಗ ಅವನಿಗೆ ಗೊತ್ತಿರಲಿಲ್ಲ, ಸರಿ. ಈಗ ಎರಡನ್ನೂ ಕಣ್ಣೆದುರು ಇಟ್ಟುಕೊಂಡು, ಅಳು ಬರುತ್ತದೆ ಎಂದ ಬಾಯಲ್ಲೇ, ಬಿಳಿಯದು ನಾರ್ಮಲ್ ಅಂದ. ಮಕ್ಕಳಿಗೆ ಅದು ಸಾಕಂತೆ. ಕಂದು ಹುಡುಗಿಯರು ಗಾಜಿನ ಕಪಾಟಿಗೆ, ಬಿಳಿ ಹುಡುಗಿಯರು ಹುಡುಗಿಯರ ಕೈಗೆ.

ಎರಡೂ ಹಾಳೆ ಸುತ್ತಿಕೊಂಡು ಎದ್ದೆ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವನು ಹೂಂ ಅಂದುಕೊಂಡ.

ಮಾರನೇ ಬೆಳಿಗ್ಗೆ ಭಾಯಿ ಮೆಷಿನ್ ತೊಳೆದು ನಿಂತಿದ್ದ. "ಎಲ್ಲಿವರೆಗೂ ಓಡಿಸ್ಲಿ?"

"ಮುಗಿಯೋವರೆಗೂ."

"ಅವ್ರು ಅರ್ಧ ಅಂದ್ರಲ್ಲ? ಫೋನ್ ಮಾಡಿದ್ರು ನನಗೆ."

"ಅರ್ಧ ಮುಖ ಪ್ರಿಂಟ್ ಮಾಡೋಕೆ ನನಗೆ ಬರಲ್ಲ."

"ಅಮ್ಮಾ, ಅವ್ರು ಮತ್ತೆ ಕೆಲಸ ಕೊಡಲ್ಲ."

"ಕೊಡ್ದಿದ್ರೆ ಮದುವೆ ಕಾರ್ಡ್ ಮಾಡು. ಜನ ಮದುವೆ ಆಗೋದು ಬಿಟ್ಟಿಲ್ಲ."

ಅವನು ಹಾಳೆ ಜೋಡಿಸಿದ. ಒಂದೊಂದು ರಾಶಿ ಬಿಚ್ಚುವುದು, ಒಂದು ಮಗ್ಗುಲು ಒತ್ತುವುದು, ಒಣಗಿಸುವುದು, ತಿರುಗಿಸಿ ಇನ್ನೊಂದು ಮಗ್ಗುಲು. ನಾನು ಮೆಷಿನ್ನಿನ ಬಾಯಿಯ ಹತ್ತಿರ ನಿಂತು ಬೀಳುವ ಹಾಳೆಯಲ್ಲಿ ಹಲ್ಲು ನೋಡುತ್ತಿದ್ದೆ. ಹಲ್ಲಿಗೆ ಕಂದು ತಾಗಿದರೆ ನಿಲ್ಲಿಸು, ಸರಿಪಡಿಸು, ಓಡಿಸು. ಮಳೆ ಜೋರಾದ ದಿನ ಓಡಿಸಲೇ ಇಲ್ಲ. ಕೊನೆಯ ಹಾಳೆ ಬಿದ್ದಾಗ ಬಿಳಿ ಹುಡುಗಿ ಒಬ್ಬಳೂ ಉಳಿದಿರಲಿಲ್ಲ. ಕವರಿಗೂ ಒತ್ತಿಸಿದ್ದೆ. ಮಡಚಿ, ಹೊಲಿದು, ಕಟ್ಟು ಕಟ್ಟಿ ಇಟ್ಟೆವು.

ಪ್ರಕಾಶಕ ಟೆಂಪೋ ತಂದ. ಒಂದು ಕಟ್ಟು ಬಿಚ್ಚಿದ, ಇನ್ನೊಂದು ಬಿಚ್ಚಿದ. ಮೂರನೆಯದಕ್ಕೆ ಅವನ ಮುಖ ಬದಲಾಯಿತು.

"ಅಮ್ಮಾ, ಬಿಳಿದು ಎಲ್ಲಿ?"

"ಬಿಳಿ ಕಾಗದ ಬೇಕಾದ್ರೆ ಇದೆ. ಕೊಂಡ್ಹೋಗು."

"ತಮಾಷೆ ಬೇಡ. ನಾನು ಅರ್ಧ ಅಂದಿದ್ದೆ. ಇದು ನನ್ನ ಪುಸ್ತಕ."

"ಪುಸ್ತಕ ನಿಂದು. ಬಣ್ಣ ನಂದು. ಗೆರೆ ಆ ಕಾಕ್ಸ್ ಟೌನಿನ ಅಮ್ಮಂದು. ಹುಡುಗೀರು ಹಲಸೂರಿನವ್ರು. ನಿನ್ನ ಡಿಸೈನರ್ ಕೊಳೆ ಅಂತ ತೊಳೆದಿದ್ದು ಯಾರನ್ನ ಅಂತ ಗೊತ್ತಾ? ನನ್ನ ಮೈ ನೋಡು. ಇದೂ ಪೇಪರ್ ಹಳೇದಾಗಿ ಬಂದಿದ್ದು ಅಂದ್ಕೊಂಡ್ಯಾ?"

ಗಲ್ಲಿಯಲ್ಲಿ ಜನ ನಿಂತರು. ಅವನು ತಗ್ಗಿದ ದನಿಯಲ್ಲಿ, ಕೇಸು ಹಾಕಬಹುದು ನಾನು ಅಂದ. ಹಾಕು ಅಂದೆ. ಎರಡನೇ ಸಂಪುಟ ನಿಮಗೆ ಕೊಡುವುದಿಲ್ಲ ಅಂದ.

"ಕೊಡ್ಬೇಡ. ಎಲ್ಲಾದ್ರೂ ಮಾಡಿಸ್ಕೋ. ಆದ್ರೆ ಮೊದಲನೇದು ಇನ್ನು ಜನರ ಮನೇಲಿರತ್ತೆ. ಎರಡನೇದ್ರಲ್ಲಿ ಹುಡುಗೀರು ಬೆಳ್ಳಗೆ ಬಂದ್ರೆ ಓದೋ ಮಕ್ಕಳು ಕೇಳ್ತಾರೆ, ಏನಾಯ್ತು ಇವ್ರಿಗೆ, ಕಾಯಿಲೆನಾ ಅಂತ. ಉತ್ತರ ನೀನು ಹುಡುಕ್ಕೋ."

ಬಿಡುಗಡೆಯ ದಿನ ಹತ್ತಿರ ಇತ್ತು. ಟೆಂಪೋ ತುಂಬಿಸಿಕೊಂಡು ಹೋದ. ನನ್ನನ್ನು ಕರೆಯಲಿಲ್ಲ. ಕರೆದಿದ್ದರೂ ಹೋಗುತ್ತಿರಲಿಲ್ಲ.

ಎರಡನೇ ಸಂಪುಟ ಬೇರೆ ಪ್ರೆಸ್ಸಿನಲ್ಲಿ ಆಯಿತು. ಹೊರಬಂದಾಗ ಚಿತ್ರದಮ್ಮ ಫೋನ್ ಮಾಡಿದರು, ಬಂದು ನೋಡಿ ಅಂದರು. ಹೋದೆ. ಹುಡುಗಿಯರು ಕಂದು ಬಣ್ಣದಲ್ಲೇ ಇದ್ದರು. ಮೊದಲನೆಯದಕ್ಕೆ ಹೊಂದಿಸದೆ ಅವನಿಗೆ ವಿಧಿ ಇರಲಿಲ್ಲ. ಹಿಂದಿನ ರಟ್ಟಿನ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲಿತ್ತು. ಚಿತ್ರದಮ್ಮ ಓದಿ ಹೇಳಿದರು: ಹುಡುಗಿಯರ ಮೂಲ ಬಣ್ಣವನ್ನು ನಮ್ಮ ತಂಡ ಬಹಳ ಕಾಳಜಿಯಿಂದ ಉಳಿಸಿಕೊಂಡಿದೆಯಂತೆ.

"ನಮ್ಮ ತಂಡವಂತೆ!" ಎಂದು ಅವರು ಪುಸ್ತಕವನ್ನು ಸೋಫಾ ಮೇಲೆ ಎಸೆದರು.

ನಾನು ಅದನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ, ಭೂತಗನ್ನಡಿ ಇಟ್ಟು ಕೆನ್ನೆ ನೋಡಿದೆ. ಆಮೇಲೆ ಪ್ರಕಾಶಕನಿಗೆ ಫೋನ್ ಮಾಡಿದೆ. ಹಲೋ ಅಂದ.

"ಕೆಂಪು ಜಾಸ್ತಿ ಆಗಿದೆ. ಮೂರನೇದ್ರಲ್ಲಿ ಇಳಿಸು" ಅಂದು ಫೋನ್ ಇಟ್ಟುಬಿಟ್ಟೆ.